ಹಳದಿ ಚೀಟಿಯ ಪ್ರವಾಸ

ಹಡಗಿನಿಂದ ಇಳಿದವರ ಮುಖ ನೋಡಿಯೇ ಇವರಿಗೆ ಜಲಪಾತ ಬೇಕೋ, ಕಡಲತೀರ ಬೇಕೋ, ಕೋತಿ ಬೇಕೋ ಎಂದು ಹೇಳಬಲ್ಲ ಮಹಾಪುರುಷ ಸೇಂಟ್ ಜಾರ್ಜಸ್ ಬಂದರಿನಲ್ಲಿ ಒಬ್ಬನೇ ಇದ್ದಾನೆ. ಹೆಸರು ಆಲ್‌ಸ್ಟನ್ ಬ್ಯಾಪ್ಟಿಸ್ಟ್. ಅಂದರೆ ನಾನು. ಗ್ರೆನಡಾದಲ್ಲಿ ಪ್ರವಾಸಿಗಳ ವ್ಯಾನ್ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಮಂಡಿನೋವಿನವರನ್ನು ಜಲಪಾತದ ಮೆಟ್ಟಿಲು ಹತ್ತಿಸಿ, ಹೊಸದಾಗಿ ಮದುವೆಯಾದವರನ್ನು ಕೆರೆಯ ಕೋತಿಗಳ ಕೈಗೆ ಒಪ್ಪಿಸುವ ಅಜ್ಞಾನಿಗಳು ಅವರು. ನನ್ನ ವ್ಯಾನಿನಿಂದ ಸಪ್ಪೆ ಮುಖ ಹಾಕಿಕೊಂಡು ಇಳಿದವರನ್ನು ಯಾರಾದರೂ ತೋರಿಸಲಿ, ನಾನು ಸ್ಟಿಯರಿಂಗ್ ಮುಟ್ಟುವುದನ್ನೇ ಬಿಡುತ್ತೇನೆ.

ಹಾಗಾಗಿ ಟ್ಯಾಂಟಿ ಯೂಲಾ ಜನವರಿಯ ಹಡಗಿನಲ್ಲಿ ಬರುತ್ತಾರೆ, ಒಂದು ಹಗಲು ಮಾತ್ರ ಇರುತ್ತಾರೆ ಎಂದು ತಿಳಿದಾಗ ನಾನು ಎದೆ ತಟ್ಟಿಕೊಂಡು ಹೇಳಿದೆ: ಆ ದಿನದ ಹೊಣೆ ನನ್ನದು, ಟ್ಯಾಂಟಿ ಸಾಯುವವರೆಗೂ ನೆನೆಯುವಂಥ ಪ್ರವಾಸ ಮಾಡಿಸುತ್ತೇನೆ.

ಟ್ಯಾಂಟಿ ಯೂಲಾ ನನ್ನ ಹೆಂಡತಿ ಮೆರ್ಲೀನಳ ಚಿಕ್ಕಮ್ಮ; ನಮ್ಮಲ್ಲಿ ಚಿಕ್ಕಮ್ಮನಿಗೆ ಟ್ಯಾಂಟಿ ಎನ್ನುತ್ತೇವೆ. ತಾಯಿ ಇಲ್ಲದ ಹುಡುಗಿಯನ್ನು ಬೈದು, ಮುದ್ದಿಸಿ, ಓದಿಸಿ, ಟೀಚರ್ ಮಾಡಿದವರು. ನಮ್ಮ ಮದುವೆಗೆ ಮೊದಲೇ ಟೊರಾಂಟೋಗೆ ಹೋದರು. ಆಮೇಲೆ ಕೆಲಸ, ಕಾಯಿಲೆ, ಒಂದಲ್ಲ ಒಂದು ಅಡ್ಡಿ. ಊರಿಗೆ ಬರಲೇ ಇಲ್ಲ. ನನ್ನನ್ನು ಅವರು ನೋಡಿದ್ದು ಫೋನಿನ ಪರದೆಯಲ್ಲಿ ಮಾತ್ರ. ನಾವು ಕಟ್ಟಿಸಿದ ಮನೆಯನ್ನಂತೂ ನೋಡಿಯೇ ಇಲ್ಲ.

ಮೆರ್ಲೀನಳ ಆಸೆ ದೊಡ್ಡದೇನಲ್ಲ. "ಪ್ರವಾಸ ಗೀವಾಸ ಏನೂ ಬೇಡ ಆಲ್‌ಸ್ಟನ್. ಟ್ಯಾಂಟಿ ನಮ್ಮನೆಗೆ ಬರ್ಲಿ. ನನ್ನ ಅಂಗಳದಲ್ಲಿ ಕೂತು ನನ್ನ ಕೈಯಾರೆ ಬಡಿಸಿದ್ದು ಉಣ್ಲಿ. ನಂಗಷ್ಟೇ ಸಾಕು."

ಎಷ್ಟು ಸುಲಭದ ಮಾತು! ಆದರೆ ಆ ದಿನ ಮನೆ ಖಾಲಿ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದಿನ ಸೀಸನ್ನಿನಲ್ಲಿ ಒಬ್ಬಾಕೆ ಪ್ರವಾಸದ ಏಜೆಂಟ್ ನಮ್ಮ ಮನೆಗೆ ಬಂದಿದ್ದಳು. ಹಡಗಿನವರಿಗೆ ಈಗ ಜಲಪಾತ ಬೇಸರ ಬಂದಿದೆಯಂತೆ; ನಿಜವಾದ ಮನೆ, ನಿಜವಾದ ಅಂಗಳ, ನಿಜವಾದ ಆಯಿಲ್ ಡೌನ್ ಅಡುಗೆ ನೋಡಬೇಕಂತೆ. ನಿಮ್ಮ ಅಂಗಳ ಕೊಡ್ತೀರಾ ಎಂದಳು. ಮೆರ್ಲೀನ್ ಒಂದೇ ಮಾತಿನಲ್ಲಿ ಆಗಲ್ಲ ಎಂದು ಬಾಗಿಲವರೆಗೆ ಬೀಳ್ಕೊಟ್ಟಳು. ನಾನು ಗೇಟಿನವರೆಗೆ ಬೀಳ್ಕೊಡಲು ಹೋದೆ. ಬಾಗಿಲಿಗೂ ಗೇಟಿಗೂ ನಡುವೆ ಎಲ್ಲ ಮಾತುಕತೆ ಮುಗಿದುಹೋಯಿತು.

ಅಂದಿನಿಂದ ಹಡಗು ಬರುವ ದಿನ ಮೆರ್ಲೀನ್ ಶಾಲೆಗೆ ಹೋದ ಕೂಡಲೇ ನಮ್ಮ ಮನೆ ನಿಜವಾದ ಮನೆಯಾಗುತ್ತಿತ್ತು. ಯಜಮಾನಿಯ ಪಾತ್ರಕ್ಕೆ ಪಕ್ಕದ ಮನೆಯ ವರ್ಲಿನ್. ಅಂಗಳದಲ್ಲಿ ಒಲೆ ಹೂಡಿ, ಪಾತ್ರೆಗೆ ಉಪ್ಪು ಮಾಂಸ, ಜೀಗುಜ್ಜೆ, ಕೆಸುವಿನ ಎಲೆ ಪೇರಿಸಿ, ಅರಿಸಿನ ಹಾಕಿ, ತೆಂಗಿನ ಹಾಲು ಸುರಿದು, ಹಾಲೆಲ್ಲ ಇಂಗಿ ತಳದಲ್ಲಿ ಎಣ್ಣೆ ಉಳಿಯುವವರೆಗೆ ಬೇಯಿಸುವುದು, ಅದೇ ಆಯಿಲ್ ಡೌನ್. ಬಂದವರು ಅದನ್ನು ಉಂಡು, ಫೋಟೋ ತೆಗೆದುಕೊಂಡು ಹೋಗುವುದು. ಬೀದಿಯವರ ಬಾಯಿ ಮುಚ್ಚಿಸಲು ಮನೆಗೊಂದು ಬಟ್ಟಲು. ಸಂಜೆ ಮೆರ್ಲೀನ್ ಬಂದು ಏನಿದು ಘಮ ಎಂದರೆ, ವರ್ಲಿನ್ ಮನೆಯಿಂದ ಬರ್ತಿದೆ ಎನ್ನುತ್ತಿದ್ದೆ. ಅವಳ ಚರ್ಚಿನ ಉಡುಪಿನ ಮೇಲೆ ಅರಿಸಿನದ ಕಲೆ ಕಂಡಾಗ ಮಾತ್ರ ನಾನು ಸ್ವಲ್ಪ ತಡವರಿಸಿದೆ. ಚಿಟ್ಟೆ ಕೂತಿರಬೇಕು ಎಂದುಬಿಟ್ಟೆ. ಅವಳು ನನ್ನನ್ನೂ ಕಲೆಯನ್ನೂ ಬಹಳ ಹೊತ್ತು ನೋಡಿದಳು.

ಟ್ಯಾಂಟಿಯ ದಿನದ ಬುಕಿಂಗ್ ರದ್ದು ಮಾಡು ಎಂದು ಏಜೆಂಟಳ ಕಾಲು ಹಿಡಿಯುವುದೊಂದು ಬಾಕಿ. ಅವತ್ತು ಬಂದರಿನಲ್ಲಿ ನಾಲ್ಕು ಹಡಗು, ಊರಲ್ಲಿ ಒಂದು ಖಾಲಿ ಕುರ್ಚಿಯೂ ಸಿಗಲ್ಲ, ಮುಂಗಡ ತಿಂದಿದ್ದೀಯ, ಸುಮ್ಮನಿರು ಎಂದಳು. ಮುಂಗಡ ನಾನು ತಿಂದಿರಲಿಲ್ಲ. ವ್ಯಾನಿನ ಟೈರು ತಿಂದಿತ್ತು. ಒಟ್ಟಿನಲ್ಲಿ ಟ್ಯಾಂಟಿ ಎಲ್ಲಿಗೆ ಬೇಕಾದರೂ ಹೋಗಲಿ, ಮಧ್ಯಾಹ್ನದ ಊಟದವರೆಗೆ ನಮ್ಮ ಮನೆಗೆ ಮಾತ್ರ ಬರಬಾರದು. ಮನೆಗೆ ಬಣ್ಣ ಹೊಡೆಸ್ತಿದ್ದೀನಿ, ಆ ವಾಸನೆ ನಿಮ್ಮ ಉಬ್ಬಸಕ್ಕೆ ಒಳ್ಳೇದಲ್ಲ ಎಂದು ಟ್ಯಾಂಟಿಗೆ ಗುಟ್ಟಾಗಿ ಫೋನ್ ಮಾಡಿ ಹೇಳಿಯೂ ಇಟ್ಟೆ. ಮೆರ್ಲೀನಳಿಗೆ, ಟ್ಯಾಂಟಿಗೆ ಊರು ಸುತ್ತುವ ಆಸೆಯಿದೆ, ನಿನ್ನ ಹತ್ತಿರ ಹೇಳೋಕೆ ಸಂಕೋಚ ಎಂದೆ.

ಪಾಪ, ಅವಳು ನಂಬಿದಳು. ಮುಖ ಚಿಕ್ಕದು ಮಾಡಿಕೊಂಡು, ಹಾಗಾದ್ರೆ ಗ್ರಾಂಡ್ ಆನ್ಸ್ ಕಡಲತೀರಕ್ಕೆ ಹೋಗೋಣ, ಅಲ್ಲಾದ್ರೂ ಕೂತು ಮಾತಾಡಬಹುದು ಎಂದಳು. ಆದರೆ ಕಡಲತೀರ ನಮ್ಮ ಮನೆಗೆ ತೀರಾ ಹತ್ತಿರ. ಅಲ್ಲಿಂದ ಇಲ್ಲಿಗೆ ಐದೇ ನಿಮಿಷ, ಒಂದು ಹೆಜ್ಜೆ ಇಟ್ಟು ಬರೋಣ ಅಂದರೆ ಮುಗಿಯಿತು ನನ್ನ ಕಥೆ. ನಾನು ಜಲಪಾತ ಎಂದೆ. ಅವಳು ಮಂಡಿ ಎಂದಳು. ನಾನು ಗುಡ್ಡದ ಮೇಲಿನ ಕೆರೆ, ಕೋತಿ ಎಂದೆ. ಟ್ಯಾಂಟಿಗೆ ಕೋತಿ ಕಂಡ್ರೆ ಆಗಲ್ಲ ಎಂದಳು.

ಈ ಜಗಳ ಮನೆಯಲ್ಲಿ ಶುರುವಾಗಿ, ವ್ಯಾನಿನಲ್ಲಿ ಬೆಳೆದು, ಆ ದಿನ ಬೆಳಿಗ್ಗೆ ಬಂದರಿನ ಗೇಟಿನ ಮುಂದೆ ಪೂರ್ಣ ಪ್ರಾಯಕ್ಕೆ ಬಂತು. ನಾಲ್ಕು ಹಡಗಿನ ಜನ ಒಟ್ಟಿಗೇ ಹೊರಗೆ ಬರುತ್ತಿದ್ದರು. ಎದೆಯ ಮೇಲೆ ಹಸಿರು, ನೀಲಿ, ಕೆಂಪು, ಹಳದಿ ಚೀಟಿ ಅಂಟಿಸಿಕೊಂಡು, ತಮ್ಮ ತಮ್ಮ ಬಣ್ಣದ ಫಲಕ ಹುಡುಕಿಕೊಂಡು ಓಡಾಡುತ್ತಿದ್ದರು. ನಾವಿಬ್ಬರೂ ಬೆನ್ನು ತಿರುಗಿಸಿ ಕಡಲತೀರವೋ ಜಲಪಾತವೋ ಎಂದು ವಾದ ಮಾಡುತ್ತ ನಿಂತಿದ್ದೆವು. ಜನ ಕರಗಿದ ಮೇಲೆ ತಿರುಗಿ ನೋಡಿದರೆ ಟ್ಯಾಂಟಿ ಇಲ್ಲ.

ಗೇಟಿನ ಕಾವಲುಗಾರ ನೆವಿಲ್ ನಿಧಾನವಾಗಿ ನಡೆದುಬಂದ. "ದಪ್ಪ ಕನ್ನಡಕದ ಅಜ್ಜಿ ತಾನೇ? ಬಂದಿದ್ರು. ನಿಮ್ಮ ಹಿಂದೇನೇ ಬಹಳ ಹೊತ್ತು ನಿಂತಿದ್ರು. ಗಂಡ ಹೆಂಡ್ತಿ ಮಧ್ಯೆ ನಾನು ಬಾಯಿ ಹಾಕಲ್ಲ, ಇವರ ತೀರ್ಮಾನ ಆಗೋ ಹೊತ್ತಿಗೆ ಹಡಗು ಹೊರಡುತ್ತೆ, ಊಟ ಇರೋ ಕಡೆ ಹೋಗಿರ್ತೀನಿ ಅಂದ್ರು. ಒಂದು ಹಳದಿ ಚೀಟಿ ಕೊಂಡ್ಕೊಂಡು ಬಸ್ ಹತ್ತಿದ್ರು."

ಹಳದಿ ಎಂದರೆ ನಮ್ಮ ಮನೆ.

"ಹಳದಿ ಅಂದ್ರೆ ಯಾವ್ದು?" ಎಂದಳು ಮೆರ್ಲೀನ್.

"ಜಲಪಾತ," ಎಂದೆ ನಾನು.

ಸುಳ್ಳು ಹೇಳಿದ್ದಕ್ಕೆ ಲೆಕ್ಕಾಚಾರವಿತ್ತು. ಜಲಪಾತಕ್ಕೆ ಹೋಗಿ, ಇಲ್ಲ ಎನಿಸಿಕೊಂಡು, ಕೆರೆಗೆ ಹೋಗಿ, ಅಲ್ಲೂ ಇಲ್ಲ ಎನಿಸಿಕೊಂಡು ಇಳಿಯುವಷ್ಟರಲ್ಲಿ ಹಳದಿ ಬಸ್ಸು ಬಂದರಿಗೆ ವಾಪಸಾಗಿರುತ್ತದೆ. ಟ್ಯಾಂಟಿಯನ್ನು ಗೇಟಿನಲ್ಲೇ ಹಿಡಿದುಕೊಳ್ಳಬಹುದು. ದಾರಿಯುದ್ದಕ್ಕೂ ವ್ಯಾನುಗಳ ಸಾಲು. ಮೆರ್ಲೀನ್ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಸಿಕ್ಕಿದ್ದೇ ಒಂದು ಹಗಲು, ಅದನ್ನು ನಾನು ಗುಡ್ಡದ ತಿರುವುಗಳಲ್ಲಿ ಸುಟ್ಟು ಹಾಕುತ್ತಿದ್ದೆ. ನನಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು, ಆದರೂ ವ್ಯಾನ್ ತಿರುಗಿಸುವ ಧೈರ್ಯ ಬರಲಿಲ್ಲ.

ಜಲಪಾತದ ಹತ್ತಿರ ಎಲ್ಲರ ಎದೆಯ ಮೇಲೂ ಹಸಿರು ಚೀಟಿ. ನಾನು ಅಚ್ಚರಿಯ ಮುಖ ಮಾಡುವಷ್ಟರಲ್ಲಿ ಮೆರ್ಲೀನ್ ಅಲ್ಲಿ ನಿಂತಿದ್ದ ಡ್ರೈವರ್ ಕೆನ್ರಿಕ್‌ನನ್ನು ಹಳದಿಯವರು ಎಲ್ಲಿ ಎಂದು ಕೇಳಿಬಿಟ್ಟಳು. ಅವನು ನಗುತ್ತಲೇ ಹೇಳಿದ: "ಏನ್ ಟೀಚರ್, ತಮಾಷೆ ಮಾಡ್ತೀರಾ? ಹಳದಿಯವರನ್ನ ನಿಮ್ಮನೇಲೇ ಅಲ್ವಾ ಬಿಡೋದು. ಹೋದ ವಾರ ನಾನೇ ಬಿಟ್ಟಿದ್ದೆ. ನಿಮ್ಮನೆ ಅಡುಗೆ ಬಹಳ ಚೆನ್ನಾಗಿರುತ್ತೆ."

ಮೆರ್ಲೀನ್ ಕೂಗಾಡುವ ಹೆಂಗಸಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಕೆನ್ರಿಕ್‌ಗೆ ಥ್ಯಾಂಕ್ಸ್ ಹೇಳಿದಳು. ವ್ಯಾನಿನೊಳಗೆ ಕೂತಳು. ಬೆಲ್ಟ್ ಹಾಕಿಕೊಂಡಳು. ಗುಡ್ಡ ಇಳಿದು ಊರು ಸೇರಿದೆವು. ನಮ್ಮ ಬೀದಿಯ ತಿರುವಿನಲ್ಲಿ ಮೆಲ್ಲಗೆ ಕೇಳಿದಳು:

"ನಮ್ಮನೆಗೆ ಹೋಗೋಕೆ ಟಿಕೆಟ್ ಎಷ್ಟು, ಆಲ್‌ಸ್ಟನ್?"

ಅಂಗಳದಲ್ಲಿ ಪ್ರವಾಸಿಗಳು ವೃತ್ತಾಕಾರವಾಗಿ ಕೂತಿದ್ದರು. ನಡುವೆ ಒಲೆ. ಒಲೆಯ ಒಂದು ಕಡೆ ಮೆರ್ಲೀನಳ ಚರ್ಚಿನ ಉಡುಪು, ಅದರೊಳಗೆ ವರ್ಲಿನ್. ಇನ್ನೊಂದು ಕಡೆ, ಸೌಟು ಹಿಡಿದು, ಟ್ಯಾಂಟಿ ಯೂಲಾ. ಕೆಸುವಿನ ಎಲೆ ಮೇಲೆ ಬರಬೇಕು, ಮಾಂಸ ಕೆಳಗೆ ಹೋಗಬೇಕು, ನಿನಗೆ ಪಾತ್ರೆ ಪೇರಿಸೋದು ಯಾರು ಕಲಿಸಿದ್ದು ಎಂದು ಟ್ಯಾಂಟಿ ಗದರುತ್ತಿದ್ದರು. ಆಯಿಲ್ ಡೌನ್ ಎಂದರೆ ಹೀಗೆಯೇ, ಒಂದು ಪಾತ್ರೆಗೆ ಹತ್ತು ಯಜಮಾನರು. ಪ್ರವಾಸಿಗಳು ಇದೂ ಟಿಕೆಟಿನಲ್ಲಿ ಸೇರಿದೆ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ಆಗ ನನ್ನ ಕಣ್ಣು ಜಗಲಿಯ ಗೋಡೆಗೆ ಹೋಯಿತು. ಅಲ್ಲಿ ಡ್ರೈವರುಗಳ ಸಂಘದ ಬಹುಮಾನ ಹಿಡಿದು ನಿಂತ ನನ್ನ ಫೋಟೋ. ಅದಕ್ಕೆ ಕಪ್ಪು ರಿಬ್ಬನ್ನು. ಕೆಳಗೆ ಒಂದು ಮೇಣದ ಬತ್ತಿ, ಎರಡು ದಾಸವಾಳ. ಪಕ್ಕದಲ್ಲಿ ಟ್ಯಾಂಟಿಯ ಹಳೆಯ ಕಾಲದ ಫೋಟೋ. ಅದಕ್ಕೂ ರಿಬ್ಬನ್ನು.

ಟ್ಯಾಂಟಿ ನನ್ನನ್ನು ಕಂಡು ಹತ್ತಿರ ಬಂದರು. ಅತಿಥಿಗಳಿಗೆ ಕೇಳಿಸದಂತೆ, ಬಹಳ ಸಮಾಧಾನವಾಗಿ ಹೇಳಿದರು:

"ಬಾಪ್ಪಾ. ಬೆಳಿಗ್ಗೆ ಗೇಟಲ್ಲಿ ನೀನು ಹೆಂಡ್ತಿ ಜೊತೆ ಜಗಳ ಆಡ್ತಿದ್ದೆ. ಇಲ್ಲಿಗೆ ಬಂದ್ರೆ ನೀನು ಮೀನು ಹಿಡಿಯೋಕೆ ಹೋಗಿ ಸಮುದ್ರದ ಪಾಲಾದೆ ಅಂತ ಈ ಹುಡುಗಿ ಅಳ್ತಿದ್ಲು. ಪಕ್ಕದ ಫೋಟೋದಲ್ಲಿರೋ ನಾನು ನಿನ್ನ ತಾಯಿ ಅಂದ್ಲು. ಮಗ ಹೋದ ದುಃಖದಲ್ಲಿ ನಾನೂ ಹೋದ್ನಂತೆ. ಅಲ್ಲಿಗೆ ಇದು ಮೆರ್ಲೀನ್ ಮನೆ ಅಂತ ಗೊತ್ತಾಯ್ತು."

"ನೀವು ಏನೂ ಹೇಳಲಿಲ್ವಾ, ಟ್ಯಾಂಟಿ?"

"ಹೆಂಗ್ ಹೇಳ್ಲಿ? ಪಾತ್ರೆ ಒಲೆ ಮೇಲಿತ್ತು. ಊಟ ಆಗ್ಲಿ ಅಂತ ಸುಮ್ನಾದೆ."

ನಾನು ವರ್ಲಿನ್ ಕಡೆ ನೋಡಿದೆ. ಅವಳು ಸೆರಗಿಲ್ಲದ ಉಡುಪಿನಲ್ಲಿ ಮುಖ ಮುಚ್ಚಿಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದಳು. ಗಂಡ ಎಲ್ಲಿ, ಯಾಕೆ ಒಂದು ಕೈ ಸಹಾಯ ಮಾಡಲ್ಲ ಎಂದು ಬಂದವರೆಲ್ಲ ಕೇಳುತ್ತಿದ್ದರಂತೆ. ಸತ್ತುಹೋದ ಎಂದಮೇಲೆ ಯಾರೂ ಕೇಳುತ್ತಿರಲಿಲ್ಲವಂತೆ. ಟಿಪ್ಸ್ ಕೂಡ ಜಾಸ್ತಿಯಾಯಿತಂತೆ. ಜಾಸ್ತಿಯಾದದ್ದು ನನ್ನವರೆಗೆ ಬಂದಿರಲಿಲ್ಲ, ಆದರೆ ಅದನ್ನು ಕೇಳುವ ಸಂದರ್ಭ ಅದಾಗಿರಲಿಲ್ಲ.

ಮೆರ್ಲೀನ್ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಅವಳು ಟ್ಯಾಂಟಿಯ ಮುಂದೆ ನಿಂತಿದ್ದಳು. ಟ್ಯಾಂಟಿ ಸೌಟನ್ನು ವರ್ಲಿನ್ ಕೈಗೆ ಕೊಟ್ಟು ಎರಡೂ ತೋಳು ಚಾಚಿದರು. "ಎಷ್ಟು ಇಳಿದುಹೋಗಿದ್ದೀಯೇ ಮಗಳೇ," ಎಂದರು. ನನ್ನ ಹೆಂಡತಿ ಇಳಿದದ್ದನ್ನು ಊರಲ್ಲಿ ಬೇರೆ ಯಾರೂ ನೋಡಿಲ್ಲ. ಆದರೂ ಅವಳು ಚಿಕ್ಕ ಹುಡುಗಿಯ ಹಾಗೆ ಅವರ ಹೆಗಲಿಗೆ ಮುಖ ಒತ್ತಿ ಅತ್ತಳು. ನನಗೂ ಕಣ್ಣು ತುಂಬಿತು. ಈ ಒಂದು ಗಳಿಗೆಯನ್ನು ತಪ್ಪಿಸಲು ನಾನು ಎಷ್ಟೆಲ್ಲ ಒದ್ದಾಡಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅತಿಥಿಗಳು ಗುಸುಗುಸು ಎನ್ನತೊಡಗಿದರು. ಜಗಲಿಯ ಹತ್ತಿರ ಕೂತಿದ್ದ ಒಬ್ಬ ಮುದುಕಿ ಗೋಡೆಯ ಫೋಟೋವನ್ನೂ ನನ್ನ ಮುಖವನ್ನೂ ತಿರುತಿರುಗಿ ನೋಡಿ, ಈತ ಯಾರು ಎಂದು ಕೇಳಿದಳು. ನಾನು ಕಣ್ಣು ಮುಚ್ಚಿಕೊಂಡೆ.

ಮೆರ್ಲೀನ್ ಕಣ್ಣೊರೆಸಿಕೊಂಡು, ತರಗತಿಯಲ್ಲಿ ಪಾಠ ಹೇಳುವ ಧ್ವನಿಯಲ್ಲಿ ಹೇಳಿದಳು:

"ಇವನು ತೀರಿಕೊಂಡವರ ತಮ್ಮ. ಅಣ್ಣನಷ್ಟು ಬುದ್ಧಿ ಇಲ್ಲ. ಪಾತ್ರೆ ತೊಳೆಯೋದಕ್ಕೆ ಬಂದಿದ್ದಾನೆ."

ಅಯ್ಯೋ ಪಾಪ ಎಂದು ಎಲ್ಲರೂ ಉದ್ಗರಿಸಿದರು. ಮುದುಕಿ ಎದ್ದು ಬಂದು ನನ್ನ ಕೈ ಹಿಡಿದು, ನಿಮ್ಮಣ್ಣನ ಮುಖ ನೋಡಿದ್ರೇ ಗೊತ್ತಾಗುತ್ತೆ, ದೊಡ್ಡ ಮನುಷ್ಯ ಎಂದಳು. ನಾನು ತಲೆ ತಗ್ಗಿಸಿ ಹೌದು ಎಂದೆ. ಆಮೇಲೆ ನನ್ನದೇ ಫೋಟೋದ ಕೆಳಗೆ ಬೋಗುಣಿ ಇಟ್ಟುಕೊಂಡು ಅಷ್ಟೂ ಜನರ ತಟ್ಟೆ ತೊಳೆದೆ. ಮೆರ್ಲೀನ್ ತನ್ನ ಅಂಗಳದಲ್ಲಿ, ತನ್ನ ಕುರ್ಚಿಯಲ್ಲಿ ಟ್ಯಾಂಟಿಯನ್ನು ಕೂರಿಸಿ, ತನ್ನ ಕೈಯಾರೆ ಬಡಿಸಿದಳು. ಟ್ಯಾಂಟಿ ಮೂರು ಸಲ ಹಾಕಿಸಿಕೊಂಡರು. ಬಸ್ಸು ಹೊರಟರೂ ಅವರು ಏಳಲಿಲ್ಲ. ಮನೆಯ ಒಂದೊಂದು ಕೋಣೆಯನ್ನೂ ನೋಡಿ, ಎಲ್ಲಿಯೂ ಬಣ್ಣದ ವಾಸನೆ ಬರ್ತಿಲ್ವಲ್ಲ ಎಂದು ನನ್ನ ಕಡೆ ತಿರುಗಿ ಹೇಳಿದರು.

ಸಂಜೆ ಟ್ಯಾಂಟಿಯನ್ನು ಬಂದರಿಗೆ ನಾನೇ ಬಿಟ್ಟುಬಂದೆ. ಗೇಟಿನ ಹತ್ತಿರ ಇಳಿಯುವಾಗ, ಪ್ರವಾಸ ಹೇಗಿತ್ತು ಟ್ಯಾಂಟಿ ಎಂದು ಅಭ್ಯಾಸಬಲದಿಂದ ಕೇಳಿದೆ. ಇದಕ್ಕಿಂತ ಚೆನ್ನಾಗಿರೋದು ಯಾವ ಬಂದರಲ್ಲೂ ಸಿಗಲಿಲ್ಲ, ಮುಂದಿನ ವರ್ಷ ನಮ್ಮ ಚರ್ಚಿನವರಿಗೆಲ್ಲ ಹಳದಿ ಚೀಟಿನೇ ಕೊಡಿಸ್ತೀನಿ ಎಂದರು. ನನ್ನ ಎದೆ ಒಂದಿಷ್ಟು ಉಬ್ಬಿತು. "ಆದ್ರೆ ನೀನು ಬದುಕಬೇಡ," ಎಂದು ಸೇರಿಸಿದರು. "ಕಥೆ ಕೆಟ್ಟುಹೋಗುತ್ತೆ."

ಈಗ ಏಜೆಂಟಳ ವ್ಯವಹಾರ ಮೆರ್ಲೀನಳ ಕೈಯಲ್ಲಿದೆ. ಶನಿವಾರದ ಹಡಗುಗಳಿಗೆ ಮಾತ್ರ ಒಪ್ಪುತ್ತಾಳೆ, ಪಾತ್ರೆ ತಾನೇ ಪೇರಿಸುತ್ತಾಳೆ. ವರ್ಲಿನ್ ವಿಧವೆಯಾಗಿ ಮುಂದುವರಿದಿದ್ದಾಳೆ, ಸ್ವಂತ ಉಡುಪಿನಲ್ಲಿ. ನಾನು ಬೋಗುಣಿಯ ಹತ್ತಿರ ಇರುತ್ತೇನೆ. ಟಿಪ್ಸ್ ಕೊಡುವಾಗ ಅತಿಥಿಗಳು ನನ್ನ ಕೈಗೂ ಒಂದಿಷ್ಟು ತುರುಕಲು ನೋಡುತ್ತಾರೆ. ಅವನಿಗೆ ಕೊಡಬೇಡಿ, ಟೈರಿಗೆ ಹಾಕ್ತಾನೆ ಎನ್ನುತ್ತಾಳೆ ಮೆರ್ಲೀನ್.

ಮೊನ್ನೆ ಅವಳ ಮನಸ್ಸು ಚೆನ್ನಾಗಿದ್ದ ಹೊತ್ತು ನೋಡಿ ಕೇಳಿದೆ, ನಾನು ಮತ್ತೆ ಬದುಕೋದು ಯಾವಾಗ ಎಂದು.

ಅವಳು ನನ್ನ ಫೋಟೋದ ದಾಸವಾಳ ಬದಲಾಯಿಸುತ್ತಿದ್ದಳು. ತಿರುಗಿಯೂ ನೋಡದೆ ಹೇಳಿದಳು: "ಸೀಸನ್ ಮುಗೀಲಿ, ನೋಡೋಣ."