ಒಂದು ಗಂಟೆ ಏಳದೆ ಕೂತವನು

ಹಿತೇಶನ ಅಂದಿನ ಫಜೀತಿಗೆಲ್ಲ ಮೂಲ ಒಂದು ಹನಿ ನೀರು. ಅದು ಅವನ ಪಾಯಖಾನೆಯ ನೆಲದಿಂದ ಜಿನುಗಿ, ಕೆಳಗಿನ ಮನೆಯ ಇಂದ್ರಾಬಾಯಿಯ ದೇವರ ಮಂಟಪದಲ್ಲಿ ಸರಿಯಾಗಿ ಗಣಪತಿಯ ನೆತ್ತಿಯ ಮೇಲೆ ಬಿತ್ತು.

"ನಿಮ್ಮ ಪಾಯಖಾನಿ ನೀರಾಗ ನಮ್ಮ ಗಣಪ್ಪಗ ಅಭಿಷೇಕ ಆಗಾಕತ್ತೈತಿ!" ಎಂದು ಇಂದ್ರಾಬಾಯಿ ಮೆಟ್ಟಿಲ ಮೇಲೆ ನಿಂತು ಕೂಗಿದ್ದು ಮುಂಬಯಿಯ ಆಂಟಾಪ್ ಹಿಲ್‌ನ ಆ ಇಡೀ ಬಿಲ್ಡಿಂಗಿಗೆ ಕೇಳಿಸಿತು. ಎದುರುಮನೆಯ ಬಸವಂತರಾಯರು ಸೊಸೈಟಿಯ ಸೆಕ್ರೆಟರಿ. ಅವರು ಹತ್ತೇ ನಿಮಿಷದಲ್ಲಿ ಗೌಂಡಿ ಭೀಮರಾಯನನ್ನು ಕರೆತಂದರು. ಭೀಮರಾಯ ಮೊದಲು ನೆಲ ಒಡೆದ, ಆಮೇಲೆ ವಿಷಯ ಹೇಳಿದ.

"ಸಂಜಿಗೆ ಟೈಲ್ಸ್ ಕೂಡಿಸ್ತೀನ್ರಿ. ನಾಳಿ ಮುಂಜಾನಿ ತನಕ ಒಳಗ ಕಾಲಿಡಬ್ಯಾಡ್ರಿ."

ಬೇರೆ ಯಾರಿಗಾದರೂ ಇದು ಸಣ್ಣ ತೊಂದರೆ, ಹಿತೇಶನಿಗಲ್ಲ. ಕ್ರೋನ್ಸ್ ಎಂಬ, ಹೆಸರು ಹೇಳಿದರೆ ಯಾರಿಗೂ ತಿಳಿಯದ ಕಾಯಿಲೆಗಾಗಿ ಡಾಕ್ಟರು ನಾಲ್ಕು ತಿಂಗಳ ಹಿಂದೆ ಅವನ ಕರುಳನ್ನು ಒಂದೂವರೆ ಅಡಿ ಕತ್ತರಿಸಿದ್ದರು. ಮುಂಬಯಿಯಲ್ಲಿ ಮನೆ ಚಿಕ್ಕದಿದ್ದದ್ದು ಸಾಲದೆಂಬಂತೆ ಕರುಳೂ ಚಿಕ್ಕದಾಗಿತ್ತು. ಹೊಲಿಗೆ ಮಾಯ್ದಿತ್ತು, ನೋವೂ ಹೋಗಿತ್ತು. ಆದರೆ ಹೊಟ್ಟೆ ಮಾತ್ರ ಹೇಳದೆ ಕೇಳದೆ ಕರೆಯುತ್ತಿತ್ತು. ಕರೆದ ಮೇಲೆ ಎರಡು ನಿಮಿಷವೂ ಕಾಯುತ್ತಿರಲಿಲ್ಲ.

ಅದೂ ಇವತ್ತೇ ಆಗಬೇಕೆ? ಸಂಜೆ ಐದಕ್ಕೆ ಅವನ ಧಣಿ ದೂಜ ಶೆಟ್ಟರು ಮನೆಗೆ ಬರುವವರಿದ್ದರು. ಸಾಂತಾಕ್ರೂಜ್‌ನಲ್ಲಿರುವ ಅವರ ಹೋಟೆಲಿನ ಗಲ್ಲೆಯಲ್ಲಿ ಹಿತೇಶ ಹನ್ನೊಂದು ವರ್ಷ ಕೂತು ಬಿಲ್ಲಿನ ದುಡ್ಡು ಎಣಿಸಿದವನು.

"ಗಲ್ಲೆಯವ ಗಂಟೆಗೆ ನಾಲ್ಕು ಸಲ ಎದ್ದು ಹೋದ್ರೆ ಹೋಟ್ಲು ನಡಿಲಿಕ್ಕುಂಟಾ ಮಾರಾಯ?" ಎಂದು ಧಣಿಗಳು ಫೋನಿನಲ್ಲಿ ಹೇಳಿದ್ದರು. "ನಾನೇ ಬರ್ತೇನೆ. ನನ್ನ ಎದುರು ಒಂದು ಗಂಟೆ ಏಳದೆ ಕೂತು ತೋರಿಸು. ಕೂತ್ರೆ ಸೋಮವಾರದಿಂದ ಗಲ್ಲೆ ನಿಂದೇ. ಇಲ್ಲಾಂದ್ರೆ ಈಗ ಕೂತಿದ್ದಾನಲ್ಲ ಸಂತು, ಅವನೇ ಇರ್ಲಿ."

ಅವರ ದನಿಯಲ್ಲಿ, ಇವನು ಕಾಯಿಲೆಯ ನೆಪದಲ್ಲಿ ಆರಾಮ ಮಾಡುತ್ತಿದ್ದಾನೆ ಎಂಬ ಗುಮಾನಿ ಇತ್ತು. ಕೆಲಸ ಹೋಗುವ ಭಯಕ್ಕಿಂತ ಆ ಗುಮಾನಿಯೇ ಹಿತೇಶನನ್ನು ಹೆಚ್ಚು ನೋಯಿಸಿತ್ತು.

ಒಂಬತ್ತೂವರೆಗೆ ಹೊಟ್ಟೆ ಮೊದಲ ಸಲ ಕರೆಯಿತು. ಹಿತೇಶ ಎದುರುಮನೆಗೆ ಓಡಿದ. ಕೆಲಸ ಮುಗಿಸಿ ಹಗುರಾಗಿ ಹೊರಗೆ ಬಂದರೆ, ಬಾಗಿಲಲ್ಲೇ ಬಸವಂತರಾಯರು ಸ್ಟೀಲಿನ ಲೋಟ ಹಿಡಿದು ನಿಂತಿದ್ದರು.

"ಕುಡೀರಿ. ನಮ್ಮಜ್ಜನ ಕಾಲದ ಕಷಾಯ. ಹೊಟ್ಟಿ ತೊಳದು ಕನ್ನಡಿ ಹಂಗ ಮಾಡ್ತದ."

"ರಾಯರೇ, ಡಾಕ್ಟ್ರು ಇಂಥದ್ದೆಲ್ಲ ಮುಟ್ಲೇಬಾರ್ದು ಅಂದಿದ್ದಾರೆ."

"ಡಾಕ್ಟರಿಗೇನು ಗೊತ್ತದ? ಅವರು ಕೊಯ್ಯೋದಷ್ಟೇ ಕಲ್ತಾರ."

ಪಾಯಖಾನೆ ಕೊಟ್ಟವರ ಕಷಾಯ ಬೇಡವೆನ್ನುವುದು ಹೇಗೆ? ಇನ್ನೊಂದು ಗಂಟೆಗೆ ಮತ್ತೆ ಇದೇ ಬಾಗಿಲು ತಟ್ಟಬೇಕಾದೀತು. "ಮನೇಲಿ ಬಿಸಿ ಮಾಡಿ ಕುಡೀತೇನೆ" ಎಂದು ಹಿತೇಶ ಲೋಟ ಹಿಡಿದು ಬಂದ. ಸಿಂಕಿಗೆ ಸುರಿಯೋಣವೆಂದರೆ ಭೀಮರಾಯ ಅದರ ಪೈಪನ್ನೂ ಬಿಚ್ಚಿಟ್ಟಿದ್ದ. ಕಿಟಕಿಯಿಂದ ಚೆಲ್ಲೋಣವೆಂದರೆ ಕೆಳಗೆ ಇಂದ್ರಾಬಾಯಿ ಹಪ್ಪಳ ಒಣಹಾಕಿದ್ದರು. ಬೇರೆ ದಾರಿ ಕಾಣದೆ ಕಷಾಯವನ್ನು ಫ್ಲಾಸ್ಕಿಗೆ ಸುರಿದು ಮುಚ್ಚಳ ಹಾಕಿದ.

ಎರಡನೆಯ ಸಲ ರಾಯರ ಬಾಗಿಲಿಗೆ ಬೀಗ. ಮೇಲಿನ ಮಹಡಿಯ ಕಾಲೇಜು ಹುಡುಗಿ ಯಕ್ಷಿತಾ ಬಾಗಿಲು ತೆರೆದಳು. ಹೊರಡುವಾಗ ಅವಳ ಕೈಯಲ್ಲೂ ಒಂದು ದೊಡ್ಡ ಮಗ್ಗು.

"ಅಂಕಲ್, ಡಿಟಾಕ್ಸ್ ಟೀ. ಹೊಟ್ಟೆ ಏಕ್‌ದಮ್ ಸಾಫ್ ಆಗ್ತದೆ. ಪೂರಾ ಕುಡಿಬೇಕು, ಓಕೆ?"

ಅದೂ ಫ್ಲಾಸ್ಕಿಗೆ ಹೋಯಿತು.

ಮೂರನೆಯ ಸಲವೂ ರಾಯರ ಬೀಗ ತೆರೆದಿರಲಿಲ್ಲ, ಮೇಲೆ ಹತ್ತುವಷ್ಟು ಪುರುಸೊತ್ತನ್ನು ಹೊಟ್ಟೆ ಕೊಡಲಿಲ್ಲ. ಇಳಿಯುವುದು ಸುಲಭವೆಂದು ಇಂದ್ರಾಬಾಯಿಯ ಮನೆಗೇ ನುಗ್ಗಿದ. "ಗಣಪ್ಪನ ಕಡಿ ನೋಡಬ್ಯಾಡ್ರಿ, ಸೀದಾ ಹೋಗ್ರಿ!" ಎಂದು ಗದರಿದ ಇಂದ್ರಾಬಾಯಿ, ಅವನು ಹೊರಬರುವಷ್ಟರಲ್ಲಿ ಕರಗಿಹೋಗಿ, ಓಂಕಾಳು ಅಳಲೆಕಾಯಿ ಕುದಿಸಿದ ನೀರು ಕೊಟ್ಟರು. ಫ್ಲಾಸ್ಕು ಕಂಠಮಟ್ಟ ತುಂಬಿತು.

ಮಧ್ಯಾಹ್ನ ಹಿತೇಶ ಗಂಜಿಯ ತಿಳಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಐದಾಗುವಾಗ ಹೊಟ್ಟೆ ಮಲಗಿದ ಮಗುವಿನಂತೆ ಸುಮ್ಮನಿತ್ತು. ಗೆದ್ದೆ ಅನ್ನಿಸಿ ಅವನಿಗೆ ಎಷ್ಟೋ ದಿನಗಳ ಮೇಲೆ ಖುಷಿಯಾಯಿತು.

ಶಾಲೆಯ ಕೆಲಸ ಮುಗಿಸಿ ಬಂದ ಹೆಂಡತಿ ನಿಶಾ ಗೇಟಿನಲ್ಲೇ ಸಿಕ್ಕಿದ ಧಣಿಗಳನ್ನು ಕರೆದುಕೊಂಡು ಬಂದಳು. ದೂಜ ಶೆಟ್ಟರು ಸೋಫಾದಲ್ಲಿ ಕೂತು, ಕೈಗಡಿಯಾರ ಬಿಚ್ಚಿ ಟೀಪಾಯಿಯ ಮೇಲಿಟ್ಟರು. ಹಿತೇಶ ಎದುರಿನ ಕುರ್ಚಿಯಲ್ಲಿ ಕೂತ. ಪರೀಕ್ಷೆ ಶುರುವಾಯಿತು.

ಒಳಗೆ ನಿಶಾಳಿಗೆ ಫ್ಲಾಸ್ಕು ಕಂಡಿತು. ಧಣಿಗಳಿಗೆಂದು ಗಂಡ ಊರಿನ ಕ್ರಮದಲ್ಲಿ ಚಹಾದ ಬದಲು ಕಷಾಯ ಮಾಡಿಟ್ಟಿದ್ದಾನೆ ಎಂದುಕೊಂಡು, ಹಾಲು ಬೆಲ್ಲ ಹಾಕಿ ಕುದಿಸಿ ತಂದಳು. ಧಣಿಗಳು ಒಂದೇ ಉಸಿರಿಗೆ ಕುಡಿದರು.

"ಆಹಾ! ಊರಿನ ಕಷಾಯ! ಎಷ್ಟು ವರ್ಷ ಆಯ್ತು. ಇನ್ನೊಂದು ಲೋಟ ಉಂಟಾ ನಿಶಾ?"

"ಬೇಕಾದಷ್ಟುಂಟು. ಇವರು ಒಂದು ಫ್ಲಾಸ್ಕು ಮಾಡಿಟ್ಟಿದ್ದಾರೆ."

ಫ್ಲಾಸ್ಕು ಎಂದು ಕೇಳಿದ್ದೇ ಹಿತೇಶನ ಜೀವ ಬಾಯಿಗೆ ಬಂತು. ನಿಮಗೆ ಕುಡಿಸಿದ್ದು ಮೂರು ಮನೆಯ ಭೇದಿ ಮದ್ದು ಎಂದು ಯಾವ ಬಾಯಲ್ಲಿ ಹೇಳುವುದು? ಅವನು ಯೋಚಿಸುವಷ್ಟರಲ್ಲಿ ಎರಡನೆಯ ಲೋಟವೂ ಖಾಲಿಯಾಗಿತ್ತು.

ಅರ್ಧ ಗಂಟೆಗೆ ಧಣಿಗಳ ಮಾತು ಅರ್ಧಕ್ಕೇ ನಿಂತಿತು. ಹಣೆಯಲ್ಲಿ ಬೆವರು ಮೂಡಿತು.

"ಹಿತೇಶಾ... ಬಾತ್‌ರೂಮು?"

"ಒಡೆದು ಹಾಕಿದ್ದು ಧಣಿ. ಎದುರುಮನೆ. ಅಲ್ಲಿಲ್ಲದಿದ್ರೆ ಮೇಲೆ. ತುಂಬಾ ಅರ್ಜೆಂಟಾದ್ರೆ ಕೆಳಗೆ."

ಧಣಿಗಳು ಎದುರುಮನೆಗೆ ಹೋಗಿ ಬಂದರು, ಕೂತರು, ಮತ್ತೆ ಎದ್ದರು. ಮೇಲೆ ಹೋದರು, ಕೆಳಗೆ ಹೋದರು. ಹೋದ ಮನೆಯಲ್ಲೆಲ್ಲ ಅವರಿಗೂ ಒಂದೊಂದು ಲೋಟ ಸಿಕ್ಕಿತು. ಸಂಕೋಚಕ್ಕೆ ಅಲ್ಲೇ ಕುಡಿದು ಬಂದರು. ಪಾಪ, ಅವರ ಹತ್ತಿರ ಫ್ಲಾಸ್ಕು ಇರಲಿಲ್ಲ.

ಹಿತೇಶ ಮಾತ್ರ ಕುರ್ಚಿಯಿಂದ ಅಲ್ಲಾಡಲಿಲ್ಲ. ಟೀಪಾಯಿಯ ಗಡಿಯಾರದಲ್ಲಿ ಒಂದು ಗಂಟೆ ಕಳೆದು ಹತ್ತು ನಿಮಿಷವಾಯಿತು.

ಐದನೆಯ ಸಲ ಬಂದಾಗ ಧಣಿಗಳು ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ಬಂದು ಹಿತೇಶನ ಕೈ ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ನಂದು ತಪ್ಪಾಯ್ತು ಮಾರಾಯ. ನೀನು ನಾಟಕ ಮಾಡ್ತಿ ಅಂತ ಗ್ರಹಿಸಿದ್ದೆ. ಒಂದು ಗಂಟೆಗೇ ನನ್ನ ಜೀವ ಹೋಯ್ತು. ನಿನಗೆ ದಿನಾ ಹೀಗೇ ಅಲ್ವಾ?"

ನಾಲ್ಕು ತಿಂಗಳಿಂದ ಹಿತೇಶ ಬಯಸಿದ್ದು ಇದನ್ನೇ, ತನ್ನ ಕಷ್ಟ ಒಬ್ಬರಿಗಾದರೂ ಅರ್ಥವಾಗಲಿ ಎಂದು.

"ಆದ್ರೆ ಧಣಿ, ನಾನು ಒಂದು ಗಂಟೆ ಏಳ್ಲೇ ಇಲ್ಲ. ವಾಚು ನೋಡಿ."

"ನೋಡಿದೆ. ನನಗೋಸ್ಕರ ಹಲ್ಲು ಕಚ್ಚಿ ಕೂತದ್ದು ಗೊತ್ತಾಗುದಿಲ್ವಾ? ಅದನ್ನೇ ನೋಡ್ಲಿಕ್ಕಾಗುದಿಲ್ಲ. ಇಂಥ ಹೊಟ್ಟೆ ಇಟ್ಕೊಂಡವನನ್ನು ಗಲ್ಲೆಯಲ್ಲಿ ಕೂರಿಸುವಷ್ಟು ಕಟುಕ ಅಲ್ಲ ನಾನು. ಇನ್ನು ಆರು ತಿಂಗಳು ನೀನು ಹೋಟ್ಲಿನ ಕಡೆ ತಲೆ ಹಾಕ್ಬಾರ್ದು. ಸಂತು ಕೂತ್ಕೊಳ್ತಾನೆ."

ಫ್ಲಾಸ್ಕಿನ ಕತೆ ಹೇಳಿಬಿಡೋಣವೆಂದು ಹಿತೇಶ ಬಾಯಿ ತೆರೆದ. ಬಾಗಿಲಲ್ಲಿ ಬಸವಂತರಾಯರು, ಯಕ್ಷಿತಾ, ಇಂದ್ರಾಬಾಯಿ ಮೂವರೂ ಹೊಸ ಲೋಟಗಳನ್ನು ಹಿಡಿದು, ತಮ್ಮ ಮದ್ದಿನ ಗುಣ ವಿಚಾರಿಸಲು ನಗುನಗುತ್ತಾ ನಿಂತಿದ್ದರು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ.

ಧಣಿಗಳು ಅವರ ನಡುವೆ ದಾರಿ ಮಾಡಿಕೊಂಡು ಮತ್ತೆ ಎದುರುಮನೆಗೆ ಓಡಿದರು. ಅಷ್ಟೂ ಹೊತ್ತು ಸುಮ್ಮನಿದ್ದ ಹಿತೇಶನ ಹೊಟ್ಟೆ ಆಗ ಗುಡುಗಿತು. ಅವನೂ ಕುರ್ಚಿಯಿಂದೆದ್ದು, ರಾಯರ ಪಾಯಖಾನೆಯ ಮುಚ್ಚಿದ ಬಾಗಿಲಿನೆದುರು ಹೋಗಿ ಕ್ಯೂ ನಿಂತ.