ಮಾವನ ರಿಪೇರಿ ಮತ್ತು ಅವ್ವನ ಕೊಡ

ನಮ್ಮ ಸೋದರಮಾವನ ಕೈಗೆ ಸಿಕ್ಕ ಸಾಮಾನಿಗೆ ಸಾವೇ ಇರಲಿಲ್ಲ. ಹಾಗಂತ ಅದರ ಬದುಕೂ ಅಷ್ಟು ಸುಖದ್ದಾಗಿರುತ್ತಿರಲಿಲ್ಲ ಬಿಡಿ! ಅವ್ವ ತೀರಿಕೊಂಡ ಮೇಲೆ ನಾನು ಬೆಳೆದದ್ದು ಮುದ್ದೇಬಿಹಾಳದಲ್ಲಿ, ಈ ಮಾವನ ಮನೆಯಲ್ಲಿ. ಹೀಗಾಗಿ ಇದನ್ನು ಹೇಳುವ ಅಧಿಕಾರ ನನಗುಂಟು.

ಅವರು ರಿಪೇರಿ ಮಾಡಿದ ಕುರ್ಚಿಯಲ್ಲಿ ಎಡಕ್ಕೆ ವಾಲಿಯೇ ಕೂರಬೇಕು. ಬೀಗರು ಬಂದರೆ ಅತ್ತೆ ಚಹಾಕ್ಕಿಂತ ಮೊದಲು, "ಎಡಕ್ಕ ಬಾಗಿ ಕುಂದರ್ರಿ" ಅನ್ನುತ್ತಿದ್ದರು. ಇನ್ನು ಛತ್ರಿ! ಬಸವನ ಬಾಗೇವಾಡಿಯಲ್ಲಿ ಮಳೆಗೆ ಬಿಚ್ಚಿದ್ದು ಮುಚ್ಚಲೇ ಇಲ್ಲ. ಅದರ ಕಡ್ಡಿಗೆ ತಂತಿ ಸುತ್ತಿದವರು ಯಾರು ಅಂತೀರಿ? ಮಾವ ಹಾಗೇ ಹಿಡಿದುಕೊಂಡು ಬಸ್ಸು ಹತ್ತಿದರು.

"ಯಜಮಾನ್ರ, ಬಸ್ಸಿನ್ಯಾಗೂ ಮಳಿ ಬರಾಕತ್ತೈತೇನ್ರಿ?" ಎಂದ ಕಂಡಕ್ಟರ್.

"ಬಂದರ ನೀವೂ ಬರ್ರಿ, ಇಬ್ಬರಿಗೂ ಸಾಕಾಗತೈತಿ!" ಎಂದರು ಮಾವ.

ಎಪ್ಪತ್ತರ ದಶಕದ ಮಾತು. ಹಳೆಯ ತಾಮ್ರ, ಹಿತ್ತಾಳೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವರು ಆಗ ಓಣಿ ಓಣಿ ತಿರುಗುತ್ತಿದ್ದರು. ಅವರ ಕೂಗು ಕೇಳಿದರೆ ಮಾವನಿಗೆ ಮೈಯೆಲ್ಲ ಉರಿ, ಅತ್ತೆಗೆ ಹಬ್ಬ. ಅದೇ ಹೊತ್ತಿಗೆ, ನನ್ನ ಜೊತೆ ಈ ಮನೆಗೆ ಬಂದಿದ್ದ ಅವ್ವನ ಮದುವೆಯ ತಾಮ್ರದ ಕೊಡ ಸೋರತೊಡಗಿತು. ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಉಳಿಯಿಂದ ಹೊಡೆಸಿದ ಅವ್ವನ ಹೆಸರಿತ್ತು. ಅಲ್ಲೇ ತಾಮ್ರ ತೆಳುವಾಗಿ, ಒಂದು ಚುಕ್ಕೆ ತೂತಾಗಿತ್ತು.

"ಇದನ್ನ ಕೊಟ್ಟು ಸ್ಟೀಲಿನ ಕೊಡ ತಗೊಳ್ಳೂಣ್ರಿ," ಎಂದರು ಅತ್ತೆ.

ನಮ್ಮಲ್ಲಿ ಅವ್ವನ ಒಂದು ಫೋಟೊ ಕೂಡ ಇರಲಿಲ್ಲ. ಅವಳದು ಅಂತ ಉಳಿದದ್ದು ಅದೊಂದೇ.

"ತಡಿ, ಬೆಸಿಗಿ ಹಾಕತೇನಿ," ಎಂದು ಮಾವ ಕೊಡ ಹಿಡಿದು ಕಟ್ಟೆಯ ಮೇಲೆ ಕೂತರು. ಕೊಡದ ಸಣ್ಣ ಬಾಯಲ್ಲಿ ಅವರ ಕೈ ಹೋಗುತ್ತಿರಲಿಲ್ಲ. ಬೆಸುಗೆ ಹೊರಗಿನಿಂದಲೇ ಹಾಕಬೇಕು. ಬೆಸುಗೆಯ ಕಬ್ಬಿಣ ಕಾಯಿತು, ಆರಿತು, ಮತ್ತೆ ಕಾಯಿತು. ಮಾವ ಮಾತ್ರ ಹೆಸರಿನ ಮೇಲೆ ಬೆರಳಾಡಿಸುತ್ತ ಕೂತೇ ಇದ್ದರು.

"ಆಗೂದಿಲ್ಲ," ಎಂದರು ಕೊನೆಗೆ.

ಮಾವನ ಬಾಯಲ್ಲಿ ಆ ಮಾತನ್ನು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ!

"ಬೆಸಿಗಿ ಬಿದ್ದರ ತಂಗಿ ಹೆಸರು ಮುಚ್ಚಿ ಹೋಗತೈತಿ. ನೀರು ಸೋರತೈತಿ, ಖರೆ. ಜೋಳ ಸೋರೂದಿಲ್ಲಲ್ಲ?" ಎಂದರು.

ಅತ್ತೆ ಒಳಗಿನಿಂದ ಜೋಳ ತಂದು ಕೊಡ ತುಂಬಿಸಿದರು. ಆಮೇಲೆ ಅದನ್ನು ಎತ್ತಿ ತಂದು, ಅವ್ವನ ಹೆಸರು ಕಾಣುವ ಹಾಗೆ ನನ್ನ ಹಾಸಿಗೆಯ ಕಡೆಗೆ ತಿರುಗಿಸಿ ಇಟ್ಟರು.