ಏಳು ಬಾಯಿ, ಒಂದು ದನಿ

ವಿಡಿಯೋ ಎಡಿಟಿಂಗ್ ಕಷ್ಟದ ಕೆಲಸ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಸರ್ಕಾರಿ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳನ್ನು ಜೋಡಿಸಿ ಜೋಡಿಸಿಯೇ ನಿವೃತ್ತನಾದವನು ನಾನು. ಅಲ್ಲಿ ಕಬ್ಬಿಣದ ತುಂಡು, ಇಲ್ಲಿ ವಿಡಿಯೋ ತುಂಡು. ಕಬ್ಬಿಣವಾದರೆ ಕಾಲ ಮೇಲೆ ಬೀಳುವ ಭಯವಿದೆ. ಇದಕ್ಕೆ ಅದೂ ಇಲ್ಲ!

ಆ ನಗು ನಿಂತದ್ದು ನನ್ನ ಹೆಂಡತಿ ವಸಂತಳ ಭಜನಾ ಮಂಡಳಿಯ ದೆಸೆಯಿಂದ.

ವಸಂತ ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತಳಾದ ಮೇಲೆ ಹಳೆಯ ಸಹೋದ್ಯೋಗಿಗಳನ್ನೇ ಸೇರಿಸಿ ಮಂಡಳಿ ಕಟ್ಟಿದ್ದಳು. ಅವಳೂ ಸೇರಿ ಏಳು ಜನ. ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ವೈರು ಜೋಡಿಸಿಕೊಳ್ಳುವಷ್ಟು ಹೊತ್ತು ಹಾಡಿದ್ದೇ ಅವರ ಈವರೆಗಿನ ಸಾಧನೆ. ಹೀಗಿರುವಾಗ ಇಂದಿರಾನಗರದ ಒಂದು ಸಾಂಸ್ಕೃತಿಕ ಸಂಘ ಮಹಿಳೆಯರ ಗುಂಪು ಗಾಯನ ಸ್ಪರ್ಧೆ ಏರ್ಪಡಿಸಿತು. ಹಾಡನ್ನು ವಿಡಿಯೋ ಮಾಡಿ ಕಳಿಸಬೇಕು. ಬಂದದ್ದನ್ನೆಲ್ಲ ಸಭಾಂಗಣದ ದೊಡ್ಡ ಪರದೆಯ ಮೇಲೆ ತೋರಿಸಿ ಅಲ್ಲೇ ತೀರ್ಪು.

"ಬಹುಮಾನ ಬರ್ದೇ ಇದ್ರೂ ಪರ್ವಾಗಿಲ್ಲ ರೀ. ಒಂದ್ಸಲ ಸರಿಯಾದ ಹಾಲ್‌ನಲ್ಲಿ ಜನ ಕೂತ್ಕೊಂಡು ನಮ್ಮ ಹಾಡು ಕೇಳ್ಲಿ, ಸಾಕು," ಎಂದಳು ವಸಂತ.

ಆದರೆ ಏಳು ಜನ ಒಂದೆಡೆ ಸೇರುವುದು ಹೇಗೆ? ನಾವು ಹೊರಮಾವು. ಪದ್ಮಾ ಕಮ್ಮನಹಳ್ಳಿ. ಕಮಲಮ್ಮ ಕೆ.ಆರ್. ಪುರ. ಉಳಿದವರು ಹಲಸೂರಿನಿಂದ ಹಿಡಿದು ರಿಚರ್ಡ್ಸ್ ಟೌನಿನವರೆಗೆ ಹಂಚಿಹೋಗಿದ್ದಾರೆ. ಕಮಲಮ್ಮನವರು ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಉಳಿದವರ ಗಂಟಲು ಒಣಗಿರುತ್ತದೆ.

ಆಗ ನಾನು ಎದ್ದು ನಿಂತು ಘೋಷಿಸಿದೆ: "ಯಾರೂ ಎಲ್ಲಿಗೂ ಬರೋದು ಬೇಡ. ಅವರವರ ಮನೇಲಿ ಹಾಡಿ ಕಳ್ಸಿ. ನಾನು ಜೋಡಿಸ್ತೀನಿ!"

"ನಿಮಗೆ ಬರುತ್ತಾ?"

"ಇಂಟರ್‌ನೆಟ್ಟಿನಲ್ಲಿ ಕಾಲು ಗಂಟೆ ನೋಡಿದ್ರೆ ಎಲ್ಲಾ ಬರುತ್ತೆ."

ಏಳು ಜನ ಬೇರೆ ಬೇರೆ ಮನೆಯಲ್ಲಿ ಹಾಡಿದರೂ ಲಯ ಒಂದೇ ಇರಬೇಕಲ್ಲ? ಅದಕ್ಕೊಂದು ಉಪಾಯವಿದೆ. ಒಬ್ಬರು ಇಡೀ ಹಾಡನ್ನು ಮೊದಲೇ ಹಾಡಿ ಕಳಿಸುವುದು, ಮಿಕ್ಕವರು ಅದನ್ನು ಇಯರ್‌ಫೋನಿನಲ್ಲಿ ಕೇಳಿಕೊಂಡು ಜೊತೆಗೆ ಹಾಡುವುದು. ಕೊನೆಯಲ್ಲಿ ಆ ಮೊದಲಿನ ದನಿಯನ್ನು ತೆಗೆದುಹಾಕುವುದು. ಆ ವಾರ ವಸಂತಳ ಗಂಟಲು ಕಟ್ಟಿತ್ತು. ಹೀಗಾಗಿ ಮಾರ್ಗದರ್ಶಕ ಗಾಯನದ ಹೊಣೆ ನನ್ನ ಹೆಗಲಿಗೆ ಬಿತ್ತು. ನಾನು ಸ್ನಾನದ ಮನೆಯಾಚೆ ಹಾಡಿದ್ದು ಅದೇ ಮೊದಲು. ತಪ್ಪಾಗದಿರಲೆಂದು ಅಲ್ಲಲ್ಲಿ ಸೂಚನೆಗಳನ್ನೂ ಸೇರಿಸಿದೆ.

"ಇದನ್ನ ಕೊನೇಲಿ ತೆಗೀತೀರಿ ತಾನೇ?" ವಸಂತ ಕೇಳಿದಳು.

"ಒಂದು ಬಟನ್ ಒತ್ತಿದ್ರೆ ಮಾಯ!"

ವಿಡಿಯೋಗಳು ಮೊಬೈಲ್ ಗ್ರೂಪಿಗೆ ಬಂದವು. ತೆರೆದು ನೋಡಿದರೆ ಎಲ್ಲರೂ ಸ್ನಾನದ ಮನೆಯ ಮಬ್ಬು ಗಾಜಿನ ಹಿಂದೆ ನಿಂತು ಹಾಡುತ್ತಿರುವಂತಿದೆ. ನನ್ನ ಕಾರ್ಖಾನೆಯ ಗೆಳೆಯ ಸಂಪತ್‌ನಿಗೆ ಫೋನ್ ಮಾಡಿದೆ. ಹಲಸೂರಿನವನು. ನೆಂಟರ ಮದುವೆಯ ವಿಡಿಯೋಗಳನ್ನೆಲ್ಲ ಅವನೇ ಎಡಿಟ್ ಮಾಡುವುದು.

"ಡೇ ಮೂರ್ತಿ, ಗ್ರೂಪಲ್ಲಿ ವಿಡಿಯೋ ಅಂತ ಕಳ್ಸಿದ್ರೆ ಅದು ಹಿಂಡಿ ಹಿಪ್ಪೆ ಮಾಡಿ ಕಳ್ಸುತ್ತೆ ಡಾ. ಡಾಕ್ಯುಮೆಂಟ್ ಅಂತ ಕಳ್ಸೋಕೆ ಹೇಳು. ಆಗ ಒರಿಜಿನಲ್ ಬರುತ್ತೆ."

ಗ್ರೂಪಿನಲ್ಲಿ ಬರೆದೆ: ದಯವಿಟ್ಟು ಎಲ್ಲರೂ ಡಾಕ್ಯುಮೆಂಟ್ ಕಳಿಸಿ. ಐದೇ ನಿಮಿಷಕ್ಕೆ ಪದ್ಮಾ ಅವರಿಂದ ಆಧಾರ್ ಕಾರ್ಡ್ ಬಂತು. ಎರಡೂ ಬದಿ!

ಅಂತೂ ಸರಿಯಾದ ಫೈಲುಗಳು ಬಂದವು. ಮೂರು ಅಡ್ಡ, ಮೂರು ಉದ್ದ. ಕಮಲಮ್ಮನವರು ಮಾತ್ರ ಮಲಗಿಕೊಂಡಿದ್ದರು! ತಿರುಗಿಸಿದೆ. ತಲೆ ಕೆಳಗಾಯಿತು. ಮತ್ತೆ ತಿರುಗಿಸಿದೆ. ಇನ್ನೊಂದು ಮಗ್ಗುಲಿಗೆ ಮಲಗಿದರು. ಪದ್ಮಾ ಅವರದು ದುಬಾರಿ ಫೋನು, ಅದರ ವಿಡಿಯೋ ನನ್ನ ಲ್ಯಾಪ್‌ಟಾಪಿನಲ್ಲಿ ಬರಿಯ ಕಪ್ಪು ಚೌಕ. ದನಿ ಬರುತ್ತದೆ, ಮನುಷ್ಯರಿಲ್ಲ. ಹೊಸ ಫೋನುಗಳು ಜಾಗ ಉಳಿಸಲು ವಿಡಿಯೋವನ್ನು ಬೇರೊಂದು ಬಗೆಯಲ್ಲಿ ಮಡಚಿಡುತ್ತವಂತೆ. ಹಳೆಯ ಲ್ಯಾಪ್‌ಟಾಪಿಗೆ ಅದನ್ನು ಬಿಚ್ಚಲು ಬಾರದಂತೆ. ಅದನ್ನು ಸಾಮಾನ್ಯ ಎಂಪಿ-ಫೋರ್ ಮಾಡಿಸುವಷ್ಟರಲ್ಲಿ ನನ್ನ ಕಣ್ಣೆದುರೂ ಕಪ್ಪು ಚೌಕ.

ಏಳನ್ನೂ, ಲಯದ ಅಳತೆಗೆಂದು ನನ್ನ ದನಿಯನ್ನೂ ಒಂದೇ ಪರದೆಯಲ್ಲಿ ಇಟ್ಟೆ. ಲ್ಯಾಪ್‌ಟಾಪ್ ಕುಕ್ಕರಿನಂತೆ ಸದ್ದು ಮಾಡಿ ಸ್ತಬ್ಧವಾಯಿತು.

"ಪ್ರಾಕ್ಸಿ ಮಾಡ್ಕೋ ಗುರು," ಎಂದ ಸಂಪತ್.

"ಕಾಲೇಜಲ್ಲಿ ಬರ್ದೇ ಇದ್ದೋರ ಹಾಜರಿ ಕೂಗ್ತಿದ್ವಲ್ಲ, ಆ ಪ್ರಾಕ್ಸಿನಾ?"

"ಅದೇ ಅಂದ್ಕೋ. ದೊಡ್ಡ ಫೈಲ್ ಬದ್ಲು ಅದರ ಚಿಕ್ಕ ಕಾಪಿ ಬಂದು ಕೂತಿರುತ್ತೆ. ಕೆಲ್ಸ ಎಲ್ಲಾ ಅದ್ರ ಮೇಲೆ ಮಾಡು. ಕೊನೇಲಿ ದೊಡ್ಡದು ವಾಪಸ್ ಬರುತ್ತೆ."

ಮಾಡಿದೆ. ಲ್ಯಾಪ್‌ಟಾಪ್ ಉಸಿರಾಡಿತು. ಈಗ ದನಿಗಳ ಹೊಂದಾಣಿಕೆ. ಹಾಡಿಗೆ ಮೊದಲು ಒಂದು ಚಪ್ಪಾಳೆ ತಟ್ಟಿ, ಆ ಸದ್ದು ಹಿಡಿದು ಎಲ್ಲರನ್ನೂ ಒಂದು ಗೆರೆಗೆ ತರುತ್ತೇನೆಂದು ಮೊದಲೇ ಹೇಳಿದ್ದೆ. ಆರು ಜನ ಒಂದು ಚಪ್ಪಾಳೆ ತಟ್ಟಿದ್ದರು. ಪದ್ಮಾ ಹಾಡು ಮುಗಿಯುವವರೆಗೂ ತಟ್ಟಿದ್ದರು!

ಫೋನ್ ಮಾಡಿ ಕೇಳಿದರೆ, "ಭಜನೆ ಅಂದ್ಮೇಲೆ ತಟ್ಬೇಕಲ್ವಾ ಸಾರ್?" ಎಂದರು.

ಹೇಗೋ ಪಲ್ಲವಿ ಕೂಡಿಸಿದೆ. ಆದರೆ ಎರಡನೆಯ ಚರಣದ ಹೊತ್ತಿಗೆ ಕಮಲಮ್ಮ ಒಂದು ಸಾಲು ಮುಂದೆ ಹೋಗಿರುತ್ತಿದ್ದರು. ಎಳೆದು ಹಿಂದೆ ತಂದರೆ ಪಲ್ಲವಿ ಕೆಡುತ್ತಿತ್ತು. ಎರಡು ದಿನ ಅವರನ್ನು ಹಿಂದಕ್ಕೂ ಮುಂದಕ್ಕೂ ಎಳೆದೆ. ಕೆ.ಆರ್. ಪುರದ ಬಸ್ಸು ಕೂಡ ಅವರನ್ನು ಅಷ್ಟು ಎಳೆದಾಡಿರಲಾರದು.

"ಅದು ಅವ್ರ ತಪ್ಪಲ್ಲಪ್ಪಾ," ಎಂದ ಸಂಪತ್. "ಫೋನು ಒಂದೊಂದು ಸೆಕೆಂಡಿಗೆ ಒಂದೊಂದು ಲೆಕ್ಕದಲ್ಲಿ ಚಿತ್ರ ತೆಗ್ಯುತ್ತೆ. ಅದಕ್ಕೇ ಜಾರುತ್ತೆ. ಎಡಿಟಿಂಗ್ ಶುರು ಮಾಡೋಕೆ ಮುಂಚೇನೇ ಎಲ್ಲಾನೂ ಒಂದೇ ಫ್ರೇಮ್ ರೇಟಿಗೆ ಕನ್ವರ್ಟ್ ಮಾಡ್ಬೇಕಿತ್ತು."

"ಮೊದಲೇ ಹೇಳ್ಬಾರ್ದಾ?"

"ನೀನು ಮೊದಲೇ ಕೇಳ್ದ್ಯಾ?"

ಎಲ್ಲವನ್ನೂ ಕಿತ್ತು ಮತ್ತೆ ಮೊದಲಿನಿಂದ ಮಾಡಿದೆ. ಮನೆಯಲ್ಲಿ ನಾನು ಆ ಹಾಡನ್ನು ಎಷ್ಟು ಸಲ ಕೇಳಿದೆನೆಂದರೆ, ಪಕ್ಕದ ಮನೆಯವರು ಬಂದು ವಿನಯದಿಂದ, "ಸಾರ್, ದೇವರಿಗೂ ಸ್ವಲ್ಪ ರೆಸ್ಟ್ ಕೊಡಿ," ಎಂದರು.

ಕೊನೆಗೂ ಏಳು ಬಾಯಿಗಳೂ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಿದವು. ಉಳಿದದ್ದು ನನ್ನ ದನಿಯನ್ನು ತೆಗೆಯುವ ಕೆಲಸವೊಂದೇ. ಪ್ರತಿ ದನಿಯ ಪಟ್ಟಿಯ ಮುಂದೆ ಎಂ ಮತ್ತು ಎಸ್ ಎಂಬ ಎರಡು ಪುಟ್ಟ ಬಟನ್. ಎಂ ಎಂದರೆ ಮೈಕ್, ಎಸ್ ಎಂದರೆ ಸೈಲೆಂಟ್. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ! ನನ್ನ ಪಟ್ಟಿಯ ಎಸ್ ಒತ್ತಿ, ಫೈಲನ್ನು ಹೊರತೆಗೆಯಲು ಹಚ್ಚಿದೆ.

ಗಡುವು ಅವತ್ತು ಸಂಜೆಗೆ. ಪರದೆಯ ಮೇಲೆ "ಬಾಕಿ ಸಮಯ" ಕಡಿಮೆಯಾಗುವ ಬದಲು ಏರುತ್ತಾ ಹೋಯಿತು. ವಸಂತ ಬಾಗಿಲಲ್ಲಿ ನಿಂತು ಬಾರಿ ಬಾರಿಗೂ, "ಕಳ್ಸಿದ್ರಾ?" ಎಂದು ಕೇಳುತ್ತಿದ್ದಳು. ಫೈಲು ಹೊರಬಿದ್ದಾಗ ಪೂರ್ತಿ ಕೇಳಲು ವ್ಯವಧಾನವಿರಲಿಲ್ಲ. ಶಬ್ದ ಆರಿಸಿ, ವೇಗವಾಗಿ ಓಡಿಸಿ, ಚಿತ್ರವನ್ನಷ್ಟೇ ನೋಡಿದೆ. ಸೀರೆಗಳು ಫಳಫಳ ಹೊಳೆಯುತ್ತಿದ್ದವು. ಕಳಿಸಿಬಿಟ್ಟೆ.

ಸ್ಪರ್ಧೆಯ ದಿನ ಏಳು ಜನರೂ ಒಂದೇ ಬಣ್ಣದ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕುಳಿತರು. ಪದ್ಮಾ ತಮ್ಮ ಹೊಸ ಬೀಗರನ್ನೂ ಕರೆತಂದು ನಮಗೆಲ್ಲ ಪರಿಚಯಿಸಿದರು. ನಾನೂ ಸಂಪತ್ತೂ ಅವರ ಹಿಂದೆ ಕುಳಿತೆವು. ಮಂಡಳಿಯ ಹೆಸರು ಕೂಗಿದರು. ವಸಂತ ತಿರುಗಿ ನನ್ನತ್ತ ನೋಡಿ ನಕ್ಕಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ ನೆನಪಿಲ್ಲ.

ಪರದೆ ಬೆಳಗಿತು. ಏಳು ಹೆಂಗಸರು ಏಳು ಚೌಕಗಳಲ್ಲಿ ಕೈಮುಗಿದರು. ಏಳು ಬಾಯಿ ತೆರೆದವು.

"ಒಂದು, ಎರಡು, ಮೂರು, ಹಾಂ ಶುರು!"

ಅದು ನನ್ನ ದನಿ!

ಹಿಂದೆಯೇ ಏಳು ಬಾಯಿಂದಲೂ ನನ್ನ ಹಾಡು ಹೊರಟಿತು. ಒಡೆದ ಕಹಳೆಯಂಥ ಗಂಡು ದನಿ. ಕಮಲಮ್ಮ ಕಣ್ಮುಚ್ಚಿ ಭಕ್ತಿಯಿಂದ ತುಟಿಯಾಡಿಸಿದರೆ ಕೇಳುವುದು ನಾನು. ಪದ್ಮಾ ಕೈತಟ್ಟಿ ತಲೆದೂಗಿದರೆ ಅಲ್ಲಿಯೂ ನಾನು.

"ಎಸ್ ಒತ್ತಿದ್ಯಾ?" ಸಂಪತ್ ಪಿಸುಗುಟ್ಟಿದ. "ಅಯ್ಯೋ, ಅದು ಸೋಲೋ ಡಾ! ಅದೊಂದೇ ಕೇಳ್ಸುತ್ತೆ, ಮಿಕ್ಕಿದ್ದೆಲ್ಲಾ ಬಂದ್!"

ಅಷ್ಟಕ್ಕೇ ಮುಗಿಯಲಿಲ್ಲ. ಚರಣಗಳ ನಡುವೆ ಸೂಚನೆಗಳು ಶುರುವಾದವು: "ಪದ್ಮಾ ಮೇಡಂ, ಇಲ್ಲಿ ಉಸಿರು ತಗೊಳ್ಳಿ... ಕಮಲಮ್ಮ, ನೀವಿಲ್ಲಿ ಓಡ್ಬೇಡಿ... ಈಗ ಮೇಲಿನ ಸ್ವರ, ಆಗ್ದೇ ಇರೋರು ಸುಮ್ನೆ ಬಾಯಿ ಆಡ್ಸಿ..." ಪದ್ಮಾ ಅವರ ಬೀಗರು ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ಸಭಾಂಗಣವೇ ಹೊಟ್ಟೆ ಹಿಡಿದುಕೊಂಡಿತ್ತು.

ಹಾಡು ಮುಗಿದಾಗ ತೀರ್ಪುಗಾರರು ಗಂಭೀರವಾಗಿ ಮೈಕ್ ಹಿಡಿದರು. "ಪ್ರಯತ್ನ ಚೆನ್ನಾಗಿದೆ. ಆದರೆ ಇದು ಮಹಿಳೆಯರ ವಿಭಾಗ. ಪುರುಷ ಗಾಯಕರಿಗೆ ಅವಕಾಶ ಇಲ್ಲ." ಸ್ವಲ್ಪ ಯೋಚಿಸಿ ಸೇರಿಸಿದರು: "ಪುರುಷರ ವಿಭಾಗದಲ್ಲೂ ಇದು ಕಷ್ಟವೇ."

ನಾನು ಕುರ್ಚಿಯಲ್ಲಿ ಕರಗುತ್ತಿದ್ದೆ. ಆಗ ವಸಂತ ಎದ್ದಳು. ಅವಳ ಕಿವಿಗಳು ಕೆಂಪಾಗಿದ್ದವು. ಆದರೆ ದನಿ ನಡುಗಲಿಲ್ಲ.

"ಸಾರ್, ಸ್ಪರ್ಧೆಗೆ ಸೇರಿಸ್ಕೊಳ್ಬೇಡಿ. ಆದ್ರೆ ನಾವು ಏಳು ಜನಾನೂ ಇಲ್ಲೇ ಇದ್ದೀವಿ. ಒಂದೇ ಒಂದು ಹಾಡು ಹಾಡ್ಬಹುದಾ?"

ಏಳು ಜನರೂ ಅಲ್ಲೇ ಇದ್ದರು. ಒಂದೇ ಸಾಲಿನಲ್ಲಿ! ಕಮಲಮ್ಮ ಕೂಡ ಟಿನ್ ಫ್ಯಾಕ್ಟರಿ ದಾಟಿ ಎಲ್ಲರಿಗಿಂತ ಮುಂಚೆ ಬಂದಿದ್ದರು. ಹಾಗಾದರೆ ಇಷ್ಟು ವಾರ ನಾನು ಜೋಡಿಸಿದ್ದು ಏನನ್ನು?

"ಬನ್ನಿ, ಹಾಡಿ," ಎಂದರು ತೀರ್ಪುಗಾರರು.

ನಾನು ಚುರುಕಾಗಿ ಮೊಬೈಲ್ ತೆಗೆದು ಸಿದ್ಧನಾದೆ. ವಸಂತ ಅದನ್ನು ನನ್ನ ಕೈಯಿಂದ ಕಿತ್ತು ಪದ್ಮಾ ಅವರ ಬೀಗರ ಕೈಗಿಟ್ಟಳು. "ಸ್ವಲ್ಪ ವಿಡಿಯೋ ಮಾಡ್ತೀರಾ ಪ್ಲೀಸ್?" ಆ ಮನುಷ್ಯನ ಪರಿಚಯವಾಗಿ ಒಂದು ಗಂಟೆಯೂ ಆಗಿರಲಿಲ್ಲ. ನನ್ನ ಕೈಗೆ ಬಂದದ್ದು ಏಳು ವ್ಯಾನಿಟಿ ಬ್ಯಾಗು.

ತಂಬೂರಿ ಇಲ್ಲ, ಇಯರ್‌ಫೋನಿಲ್ಲ, ಎಣಿಕೆಯಿಲ್ಲ. ವಸಂತ ಕಣ್ಣುಮುಚ್ಚಿ ಮೊದಲ ಸಾಲು ಎತ್ತಿಕೊಂಡಳು. ಮಿಕ್ಕ ಆರು ದನಿಗಳು ಅದರೊಳಗೆ ಸಲೀಸಾಗಿ ಬಂದು ಸೇರಿದವು. ಸಭಾಂಗಣ ನಿಶ್ಶಬ್ದವಾಯಿತು.

ಅದೇ ಹೊತ್ತಿಗೆ ನನ್ನ ತೋಳಿನಲ್ಲಿದ್ದ ಒಂದು ಬ್ಯಾಗು ಜೋರಾಗಿ ಹೊಡೆದುಕೊಳ್ಳತೊಡಗಿತು. ಒಳಗೆ ಫೋನು! ಒಂದರ ಜಿಪ್ ಎಳೆದೆ, ಕುಂಕುಮದ ಡಬ್ಬಿ. ಇನ್ನೊಂದು ಎಳೆದೆ, ಹುರಿಗಡಲೆ. ಜನ ತಿರುಗಿ ನೋಡುತ್ತಿದ್ದರು. ಏಳನ್ನೂ ಎದೆಗವಚಿಕೊಂಡು ಹೊರಗೆ ಓಡಿದೆ. ಬಾಗಿಲ ಕಾವಲಿನವನು ನನ್ನನ್ನೂ ಬ್ಯಾಗುಗಳನ್ನೂ ನೋಡಿ ತಡೆದು ನಿಲ್ಲಿಸಿದ.

"ಎಲ್ಲಿಗ್ ಹೊಂಟೀರಿ? ಯಾರ ಬ್ಯಾಗ್ ಅವು?"

"ಹಾಡ್ತಿರೋರ್ದು."

"ನೀವ್ ಯಾರು?"

ಏನು ಹೇಳಲಿ? ಎಡಿಟರ್ ಎನ್ನಲು ಬಾಯಿ ಬರಲಿಲ್ಲ. ಒಳಗಿನ ಹಾಡು ಮುಗಿದು ಚಪ್ಪಾಳೆ ಬೀಳುವವರೆಗೂ ಅವನು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಕಾದ. ಎಲ್ಲರೂ ಹೇಳುತ್ತಾರೆ, ಹಾಡು ಅದ್ಭುತವಾಗಿತ್ತಂತೆ.